ಹುಳದ ಲೆಕ್ಕ, ಹುಳದ ಮಾತು

ಕರ್ನಾಟಕದಲ್ಲಿ ಹುಳಗಳ ಲೆಕ್ಕ ಶುರುವಾದದ್ದು ನಷ್ಟದ ಲೆಕ್ಕದಿಂದ. 1860ರ ದಶಕದಲ್ಲಿ ವಯನಾಡು, ಕೊಡಗು, ಮೈಸೂರು ಸೀಮೆಯ ಕಾಫಿ ತೋಟಗಳಲ್ಲಿ ಗಿಡಗಳು ನಿಂತಲ್ಲೇ ಹಳದಿಯಾಗಿ ಒಣಗತೊಡಗಿದವು. ಕಾಂಡ ಸೀಳಿ ನೋಡಿದರೆ ಒಳಗೆ ಹೊಟ್ಟು ತುಂಬಿದ ಸುರಂಗ, ಅದರ ತುದಿಯಲ್ಲಿ ಒಂದು ಬಿಳಿ ಮರಿಹುಳು. ಮದರಾಸಿನ ವೈದ್ಯಾಧಿಕಾರಿ ಜಾರ್ಜ್ ಬಿಡಿ ತೋಟದಿಂದ ತೋಟಕ್ಕೆ ತಿರುಗಿ ಪರಿಶೀಲಿಸಿದರು. ಅವರ ವರದಿ 1869ರಲ್ಲಿ ಅಚ್ಚಾಯಿತು. ಬೇಲೂರು, ಸಕಲೇಶಪುರ, ಮೂಡಿಗೆರೆಯ ಬೆಳೆಗಾರರ ಬಾಯಲ್ಲಿ ಆ ಹುಳ ಇವತ್ತಿಗೂ ಬರೀ ‘ಬೋರರ್’. ಕೃಷಿ ಪುಸ್ತಕಗಳು ಅದನ್ನು ಬಿಳಿ ಕಾಂಡಕೊರಕ ಎನ್ನುತ್ತವೆ.

ಬೋರರ್ ದುಂಬಿಗೆ ಬಿಸಿಲು ಇಷ್ಟ. ಮುಂಗಾರಿಗೆ ಮುನ್ನ ಒಮ್ಮೆ, ಮಳೆ ಹಿಂದೆಗೆದ ಮೇಲೆ ಇನ್ನೊಮ್ಮೆ ಅದು ಕಾಂಡ ಕೊರೆದು ಹೊರಬಂದು, ಬಿಸಿಲು ಬಿದ್ದ ಅರೇಬಿಕಾ ಗಿಡಗಳ ತೊಗಟೆಯ ಸೀಳುಗಳಲ್ಲಿ ಮೊಟ್ಟೆ ಇಡುತ್ತದೆ. ನೆರಳಿನ ಮರ ಕಡಿದ ತೋಟದಲ್ಲಿ ಕಾಟ ಹೆಚ್ಚುವುದು ಇದೇ ಕಾರಣಕ್ಕೆ. ದುಂಬಿ ಹಾರುವ ಕಾಲಕ್ಕೆ ಮುಂಚೆ ಆಳುಗಳು ಸಾಲುಸಾಲಾಗಿ ನಡೆದು, ಪ್ರತಿ ಗಿಡದ ಕಾಂಡ ಸವರಿ, ತೊಗಟೆಯ ಮೇಲೆ ಉಬ್ಬುಗೆರೆ ಸಿಕ್ಕರೆ ಗುರುತು ಹಾಕುತ್ತಾರೆ. ಗುರುತಾದ ಗಿಡವನ್ನು ಕಿತ್ತು ಸುಡುತ್ತಾರೆ. ‘ಬೋರರ್ ಟ್ರೇಸಿಂಗ್’ ಎಂಬ ಈ ಕೆಲಸವನ್ನು ಯಾರೂ ಸಂಶೋಧನೆ ಎಂದು ಕರೆಯುವುದಿಲ್ಲ. ಆದರೂ ಒಂದು ಕೀಟವನ್ನು ಗಿಡ ಗಿಡಕ್ಕೂ ಹೋಗಿ ಎಣಿಸುವ ಇಂಥ ಗಣತಿ ಬೇರೆ ಹೆಚ್ಚು ಕೀಟಗಳಿಗೆ ಸಿಕ್ಕಿಲ್ಲ.

ಸರ್ಕಾರದ ವತಿಯಿಂದ ಕೀಟಶಾಸ್ತ್ರಕ್ಕೆ ಒಂದು ನೆಲೆ ಸಿಕ್ಕಿದ್ದು 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದ ಮೇಲೆ. ಬಯಲುಸೀಮೆಯ ಜೋಳದ ಹೊಲಗಳನ್ನು ಬರಿದು ಮಾಡುತ್ತಿದ್ದ, ಹಾರಲು ರೆಕ್ಕೆಯೇ ಇಲ್ಲದ ಮಿಡತೆಯ ಬದುಕನ್ನು ಅವರು ಸಹೋದ್ಯೋಗಿ ಕುಂಞಿ ಕಣ್ಣನ್ ಅವರೊಡನೆ ಅಭ್ಯಾಸ ಮಾಡಿದರು. ಸ್ಪೇನಿನ ಬೊಲಿವಾರ್ 1910ರಲ್ಲಿ ಅದಕ್ಕೆ ಕೋಲ್ಮನ್ ಹೆಸರನ್ನೇ ಸೇರಿಸಿ ‘ಕೋಲ್ಮೇನಿಯ’ ಎಂದು ನಾಮಕರಣ ಮಾಡಿದರು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ 1925ರಲ್ಲಿ ಆರಂಭವಾಯಿತು. ಅಂದಿನ ವಿಧಾನ ಸರಳ: ಹೋಗು, ಹಿಡಿ, ಎಣಿಸು, ಪೆಟ್ಟಿಗೆಯಲ್ಲಿ ಪಿನ್ ಚುಚ್ಚಿ ಇಡು. ಹುಳ ತನ್ನ ಬಳಗದೊಡನೆ ಹೇಗೆ ವ್ಯವಹರಿಸುತ್ತದೆ ಎಂಬ ಪ್ರಶ್ನೆ ಎಣಿಸುವವರಿಗೆ ಬೇಕಾಗಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಕ್ಕಾಗಲೆಲ್ಲ ಎಣಿಕೆಯ ದಾರಿಯೇ ಬದಲಾಗಿರುವುದು ಈ ಕ್ಷೇತ್ರದ ಇತಿಹಾಸದಲ್ಲಿ ಎದ್ದು ಕಾಣುವ ಸಂಗತಿ. ಮೊದಲು ತಿಳಿದದ್ದು ವಾಸನೆಯ ಭಾಷೆ. ರೇಷ್ಮೆ ಬಿತ್ತನೆ ಕೇಂದ್ರಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು: ಹೆಣ್ಣು ಪತಂಗ ಕುಳಿತಲ್ಲೇ ಕುಳಿತಿದ್ದರೂ ಹತ್ತಿರದ ಗಂಡುಗಳು ರೆಕ್ಕೆ ಬಡಿಯುತ್ತ ಅತ್ತಲೇ ಧಾವಿಸುತ್ತವೆ. ಅದಕ್ಕೆ ಕಾರಣವಾದ ರಾಸಾಯನಿಕವನ್ನು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಎರಡು ದಶಕ ಹುಡುಕಿ, ಸುಮಾರು 5 ಲಕ್ಷ ಹೆಣ್ಣು ಪತಂಗಗಳಿಂದ ಬೇರ್ಪಡಿಸಿ 1959ರಲ್ಲಿ ಪ್ರಕಟಿಸಿದರು. ಅದಕ್ಕೆ ಬಾಂಬಿಕಾಲ್ ಎಂದು ಹೆಸರಾಯಿತು. ‘ಫೆರೋಮೋನ್’ ಎಂಬ ಪದ ಹುಟ್ಟಿದ್ದೂ ಅದೇ ವರ್ಷ. ಆಮೇಲೆ ಹುಳವನ್ನು ಹುಡುಕಿಕೊಂಡು ಹೋಗುವ ಬದಲು ಹುಳವೇ ಬಂದು ಲೆಕ್ಕ ಕೊಡುವ ಮೋಹಕ ಬಲೆಗಳು ಹೊಲ ತೋಟಗಳಿಗೆ ಬಂದವು.

ಅರಸೀಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಈ ಕಥೆ ಕಣ್ಣೆದುರೇ ನಡೆದಿದೆ. ಸುಳಿ ಕೊರೆಯುವ ಕುರುವಾಯಿ ದುಂಬಿಗೂ ಕಾಂಡ ತಿನ್ನುವ ಕೆಂಪು ಮೂತಿ ಹುಳುವಿಗೂ ಈಗ ಬಕೆಟ್ಟಿನ ಮೋಹಕ ಬಲೆಗಳಿವೆ. ಎರಡರಲ್ಲೂ ಕರೆಯುವ ವಾಸನೆ ಗಂಡಿನದು, ಆದರೆ ಬಲೆಗೆ ಗಂಡು ಹೆಣ್ಣು ಎರಡೂ ಬೀಳುತ್ತವೆ. ಗರಿಯ ಹಸಿರನ್ನು ಕೆರೆದು ತಿಂದು ಮರ ಬೆಂಕಿ ತಾಗಿದಂತೆ ಕಾಣುವಷ್ಟು ಒಣಗಿಸುವ ಕಪ್ಪುತಲೆ ಹುಳುವಿನದು ಇನ್ನೂ ಸೋಜಿಗದ ಸಂಗತಿ. ಅದು ಗರಿಯ ಅಡಿಯಲ್ಲಿ ರೇಷ್ಮೆ ಎಳೆಯನ್ನೂ ತನ್ನ ಹಿಕ್ಕೆಯನ್ನೂ ಸೇರಿಸಿ ಗೂಡು ಕಟ್ಟಿಕೊಂಡು ಒಳಗೆ ಅಡಗುತ್ತದೆ. ಗೋನಿಯೋಜಸ್ ಎಂಬ ಪುಟ್ಟ ಕಣಜ ಆ ಗೂಡಿನ ವಾಸನೆ ಹಿಡಿದೇ ಬರುತ್ತದೆ. ಹುಳುವನ್ನು ಚುಚ್ಚಿ ಮರಗಟ್ಟಿಸಿ, ಅದರ ಮೈಮೇಲೆ ಮೊಟ್ಟೆ ಇಟ್ಟು, ಮರಿಗಳು ದೊಡ್ಡವಾಗುವ ತನಕ ಕಾವಲು ಕೂರುತ್ತದೆ. ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳು ಸಾಕಿ ರೈತರಿಗೆ ಕೊಡುವುದು ಇದೇ ಕಣಜವನ್ನು. ಮನುಷ್ಯರ ಕಣ್ಣಿಗೆ ಬೀಳದ ಹುಳುವನ್ನು ಪತ್ತೆ ಹಚ್ಚುವ ಕೆಲಸವನ್ನು ಅದರ ವಾಸನೆ ಬಲ್ಲ ಇನ್ನೊಂದು ಕೀಟಕ್ಕೇ ವಹಿಸಿದಂತಾಯಿತು.

ಬೋರರ್‌ಗೂ ಮೋಹಕ ಬಲೆ ಬಂತು. ಅಲ್ಲೂ ಕರೆಯುವುದು ಗಂಡು, ಬರುವುದು ಹೆಣ್ಣು. ಆದರೆ ಬಲೆಯನ್ನೇ ನಂಬಿ ಟ್ರೇಸಿಂಗ್ ಬಿಟ್ಟ ತೋಟ ಉಳಿಯುವುದಿಲ್ಲ. ವಾಸನೆಯ ಬಲೆಗೆ ಇನ್ನೂ ದೊಡ್ಡ ಮಿತಿ ಬೇರೊಂದಿದೆ: ಯಾವ ಹುಳಕ್ಕೆ ಬಲೆ ಒಡ್ಡಿದೆಯೋ ಅದನ್ನು ಮಾತ್ರ ಅದು ತಿಳಿಸುತ್ತದೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗದ ಕೃಷಿ ವಿಜ್ಞಾನಿಗಳು ಮೆಕ್ಕೆಜೋಳದ ಸುಳಿ ಬಿಡಿಸಿ ನೋಡಿದ್ದರಿಂದ. ಅದರ ಬಲೆಗಳು ಊರೂರಿಗೆ ಬಂದದ್ದು ಆಮೇಲೆ. ಕಲಬುರಗಿಯ ತೊಗರಿ ರೈತರು ಗಿಡ ಅಲುಗಿಸಿ ಕಾಯಿಕೊರಕವನ್ನು ಕೆಳಗೆ ಹಾಸಿದ ಬಟ್ಟೆಗೆ ಬೀಳಿಸುತ್ತಿದ್ದ ಹಳೆಯ ಪದ್ಧತಿಯೂ ಇಂಥದ್ದೇ ನೇರ ನೋಟ. ಕಣ್ಣಿನ ಕೆಲಸ ಮುಗಿಯಿತೆಂದು ಹೇಳುವ ಕಾಲ ಇನ್ನೂ ಬಂದಿಲ್ಲ.

ಬೆಳೆಗೆ ಸಂಬಂಧವಿಲ್ಲದ ಹುಳಗಳನ್ನು ಎಣಿಸಬೇಕೆಂಬ ಯೋಚನೆ ನಿಧಾನವಾಗಿ ಬಂತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1933ರಿಂದಲೇ ಬೆಳಕಿನ ಬಲೆ ಉರಿಯುತ್ತಿತ್ತು. ಸ್ವೀಡನ್ನಿನ ರೆನೆ ಮಲೇಸ್ ಅದೇ ದಶಕದಲ್ಲಿ ಡೇರೆಯಂಥ ಬಲೆಯೊಂದನ್ನು ರೂಪಿಸಿದರು. ಅದೇ ಬಗೆಯ ಬಲೆ ಹೂಡಿ ಜರ್ಮನಿಯ ಕ್ರೆಫೆಲ್ಡ್‌ನ ಹವ್ಯಾಸಿ ಕೀಟಾಸಕ್ತರು 63 ಸಂರಕ್ಷಿತ ತಾಣಗಳಲ್ಲಿ 27 ವರ್ಷ ಹುಳ ಹಿಡಿದು ತೂಗಿದರು. ಹಾರುವ ಕೀಟಗಳ ತೂಕ ಮುಕ್ಕಾಲು ಭಾಗಕ್ಕೂ ಹೆಚ್ಚು ಕುಸಿದಿದೆ ಎಂಬ ಅವರ ಲೆಕ್ಕ 2017ರಲ್ಲಿ ಪ್ರಕಟವಾಗಿ ಜಗತ್ತನ್ನು ಬೆಚ್ಚಿಬೀಳಿಸಿತು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ಉತ್ತರ ಕನ್ನಡದ ಕಾಡುಗಳಲ್ಲಿ ಬೆಳಕಿನ ಬಲೆ, ಬೀಸುಬಲೆ, ನೆಲದಲ್ಲಿ ಹೂತ ಡಬ್ಬಿ, ವಾಸನೆಯ ಬಲೆ ಎಲ್ಲವನ್ನೂ ಒಟ್ಟಿಗೆ ಬಳಸಿ ಉಷ್ಣವಲಯದ ಕೀಟಗಳನ್ನು ಅಳೆಯುವ ವಿಧಾನವನ್ನು 1990ರಲ್ಲಿ ಮುಂದಿಟ್ಟರು. ಒಂದೊಂದು ಬಲೆಗೆ ಒಂದೊಂದು ಬಗೆಯ ಹುಳ ಸಿಗುತ್ತದೆ. ಒಂದೇ ಬಲೆಯ ಲೆಕ್ಕವನ್ನು ಇಡೀ ಕಾಡಿನ ಲೆಕ್ಕವೆಂದು ನಂಬಲಾಗದು.

ಈ ಬಲೆಗಳಲ್ಲಿ ಬಹುಪಾಲು ಕೊಂದೇ ಎಣಿಸುತ್ತವೆ. ಕೊಲ್ಲದೆ ಎಣಿಸುವ ದಾರಿ ತೆರೆದದ್ದು ದನಿ.

ಚಿಮ್ಮಂಡೆಯ ಕೀರಲಿಗೂ ಗಾಳಿಯ ಬಿಸಿಗೂ ನಂಟಿದೆಯೆಂದು ಅಮೆರಿಕದ ಏಮೋಸ್ ಡೋಲ್ಬೇರ್ 1897ರಲ್ಲೇ ಸೂತ್ರ ಬರೆದಿದ್ದರು. ಯೋಹಾನ್ ರೇಗನ್ 1913ರಲ್ಲಿ ಗಂಡು ಚಿಮ್ಮಂಡೆಯ ಹಾಡನ್ನು ಟೆಲಿಫೋನ್ ತಂತಿಯಲ್ಲಿ ಕಳಿಸಿ, ಇನ್ನೊಂದು ತುದಿಯ ಹೆಣ್ಣು ರಿಸೀವರ್ ಕಡೆಗೆ ನಡೆದು ಬರುವುದನ್ನು ತೋರಿಸಿದರು. ವಾಸನೆ, ನೋಟ ಏನೂ ಇಲ್ಲದಿದ್ದರೂ ದನಿಯೊಂದೇ ಸಾಕು ಎಂದು ಅಲ್ಲಿಗೆ ಸ್ಪಷ್ಟವಾಯಿತು. ಆದರೆ ಒಂದೇ ಹೊತ್ತಿಗೆ ಹತ್ತಾರು ಜಾತಿಗಳು ಕೂಗುವ ಮಳೆಕಾಡಿನಲ್ಲಿ ಯಾರು ಯಾರ ಮಾತನ್ನು ಕೇಳಿಸಿಕೊಳ್ಳುತ್ತಾರೆ?

ಈ ಪ್ರಶ್ನೆಯನ್ನು ಕುದುರೆಮುಖದ ಕಾಡಿಗೆ ಒಯ್ದವರು ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು. ಸ್ವಾತಿ ದಿವಾಕರ್, ಮಂಜರಿ ಜೈನ್ ರಾತ್ರಿಗಳನ್ನು ಕಾಡಿನಲ್ಲಿ ಕಳೆದು, ಒಂದೊಂದು ಹಾಡಿನ ಒಡೆಯನನ್ನು ಹುಡುಕಿ, ಪಳಗಿದ ಕಿವಿಯೊಂದರಿಂದಲೇ ಚಿಮ್ಮಂಡೆ ಮತ್ತು ಎಲೆಮಿಡತೆಗಳ ಜಾತಿಗಳನ್ನು ನೆಚ್ಚಬಹುದಾದಷ್ಟು ನಿಖರವಾಗಿ ಎಣಿಸಬಹುದೆಂದು 2007ರಲ್ಲಿ ತೋರಿಸಿದರು. ನೆಲದ ಎಲೆರಾಶಿಯಲ್ಲಿ ಕೂಗುವವು ಬೇರೆ, ಪೊದೆಯಲ್ಲಿ ಬೇರೆ, ಮರದ ನೆತ್ತಿಯಲ್ಲಿ ಬೇರೆ. ಮುಸ್ಸಂಜೆಯ ಗದ್ದಲವನ್ನು ಜಾಗ, ಹೊತ್ತು, ಸ್ವರದ ಎತ್ತರಗಳ ಪ್ರಕಾರ ಬಿಡಿಸಿ ನೋಡಿದಾಗ ಒಂದು ಜಾತಿಯ ಹಾಡಿನ ಮೇಲೆ ಇನ್ನೊಂದರ ಹಾಡು ಬೀಳುವುದು ತೀರ ಕಡಿಮೆ ಎಂದು 2014ರ ಅಧ್ಯಯನ ಹೇಳಿತು. ಮನುಷ್ಯರ ಕಿವಿಗೆ ಗದ್ದಲ, ಅವಕ್ಕೆ ಸ್ಪಷ್ಟ ಮಾತು.

ಕಣ್ಣು ಸೋತಲ್ಲಿ ಕಿವಿ ಗೆದ್ದ ಉದಾಹರಣೆಯೂ ಇದೇ ಪ್ರಯೋಗಾಲಯದ್ದು. ದಕ್ಷಿಣ ಭಾರತದ ಮೆಕೊಪೊಡ ಎಂಬ ಎಲೆಮಿಡತೆಗಳು ನೋಡಲು ಒಂದೇ ಥರ, ಮೈ ಅಳೆದರೂ ವ್ಯತ್ಯಾಸ ಸಿಗುವುದಿಲ್ಲ. ವಿವೇಕ್ ನಿತ್ಯಾನಂದ ಅವರು ದನಿ ಮುದ್ರಿಸಿ ನೋಡಿದಾಗ ಐದು ಬೇರೆ ಬೇರೆ ಹಾಡುಗಳು ಸಿಕ್ಕವು. ಇಂಥ ಮಿಡತೆಗಳನ್ನು ಪೆಟ್ಟಿಗೆಯಲ್ಲಿ ಪಿನ್ ಚುಚ್ಚಿಟ್ಟು ಎಣಿಸಿದವರು ಐದು ಬಳಗಗಳನ್ನು ಒಂದೆಂದು ಬರೆದಿರಬಹುದು.

ಕಿವಿಗೂ ಕುರುಡು ಕೋನವಿದೆ. ಹಾಡುವುದು ಹೆಚ್ಚಾಗಿ ಗಂಡು. ಪಶ್ಚಿಮ ಘಟ್ಟದ ಬಾವಲಿಯೊಂದು ಹಿಡಿದ ಮಿಡತೆಯನ್ನು ತನ್ನ ತಂಗುದಾಣಕ್ಕೆ ಒಯ್ದು ತಿಂದು ರೆಕ್ಕೆಗಳನ್ನು ಕೆಳಗೆ ಬೀಳಿಸುತ್ತದೆ. ಸಂಶೋಧಕರು ಆ ರೆಕ್ಕೆಗಳನ್ನು ಆರಿಸಿ ನೋಡಿದರೆ ಹೆಣ್ಣಿನವೇ ಹೆಚ್ಚು. ಹಾಡುವವನ ದನಿ ಹಿಡಿದು ಶತ್ರು ಬರುತ್ತಾನೆ ಎಂಬುದು ಎಲ್ಲರ ಊಹೆಯಾಗಿತ್ತು. ಆದರೆ ಹಾಡು ಕೇಳಿ ಮರದಿಂದ ಮರಕ್ಕೆ ಹಾರುವ ಮೌನಿ ಹೆಣ್ಣಿಗೇ ಅಪಾಯ ಹೆಚ್ಚು ಎಂದು 2015ರಲ್ಲಿ ಪ್ರಕಟವಾದ ಈ ಕೆಲಸ ತೋರಿಸಿತು. ದನಿಮುದ್ರಣವನ್ನಷ್ಟೇ ನಂಬಿ ಎಣಿಸಿದರೆ ಅರ್ಧ ಸಂತತಿ ಲೆಕ್ಕಕ್ಕೇ ಸಿಗುವುದಿಲ್ಲ.

ಕೋಲಾರದ ಗಡಿಯಾಚೆ ಕುಪ್ಪಂ ಸುತ್ತಲಿನ ಕುರುಚಲು ಬಯಲಿನಲ್ಲಿ ನಡೆದ ಕೆಲಸ ಹಾಸನದ ಬಯಲು ಭಾಗದವರಿಗೆ ಇನ್ನೂ ಹತ್ತಿರದ್ದು. ಅಲ್ಲಿ ಪೊದೆಗಳ ಮೇಲೆ ತೆಳ್ಳನೆಯ, ತಿಳಿ ಹಸಿರಿನ ಮರ ಚಿಮ್ಮಂಡೆ ವಾಸಿಸುತ್ತದೆ. ಕೆಲವು ಗಂಡುಗಳು ಅಗಲವಾದ ಎಲೆಯ ನಡುವೆ ತೂತು ಕಡಿದು, ತಲೆ ತೂರಿಸಿ, ರೆಕ್ಕೆಯನ್ನು ಎಲೆಯ ಸಮಕ್ಕೆ ಹಿಡಿದು ಹಾಡುತ್ತವೆ. ಎಲೆಯೇ ಧ್ವನಿವರ್ಧಕವಾಗುತ್ತದೆ. ನತಾಶಾ ಮ್ಹಾತ್ರೆ ಮತ್ತು ಸಂಗಡಿಗರ 2017ರ ಅಧ್ಯಯನದ ಪ್ರಕಾರ ಅವು ಎಲೆಯ ಗಾತ್ರವನ್ನೂ ತೂತಿನ ಅಳತೆ, ಜಾಗಗಳನ್ನೂ ಆರಿಸಿಯೇ ಈ ಕೆಲಸ ಮಾಡುತ್ತವೆ. ರಿತ್ತಿಕ್ ದೇಬ್ ಮತ್ತಿತರರು 2020ರಲ್ಲಿ ಕಂಡುಕೊಂಡದ್ದು: ಈ ಉಪಾಯಕ್ಕೆ ಕೈಹಾಕುವವು ಹೆಚ್ಚಾಗಿ ಮೈ ಸಣ್ಣದಾದ, ದನಿ ಕುಗ್ಗಿದ ಗಂಡುಗಳು. ಮಳೆಕಾಡಿನಲ್ಲಿ ಮಾತ್ರ ಸೋಜಿಗ ಇರುತ್ತದೆಂದು ನಂಬಿ ಬಯಲಿನ ಪೊದೆಗಳನ್ನು ‘ಪಾಳು’ ಎಂದು ಬರೆಯುವವರು ಈ ಚಿಮ್ಮಂಡೆಯನ್ನು ಒಮ್ಮೆ ನೋಡಬೇಕು.

ಜೇನಿನ ಮಾತು ಕುಣಿತದ್ದು. ಕಾರ್ಲ್ ಫಾನ್ ಫ್ರಿಶ್ ಅದನ್ನು ಬಿಡಿಸಿ 1973ರಲ್ಲಿ ನೊಬೆಲ್ ಪಡೆದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆಕ್ಸೆಲ್ ಬ್ರಾಕ್‌ಮನ್ ತಂಡ ತುಡುವೆ, ಕೋಲುಜೇನು, ಹೆಜ್ಜೇನು ಮೂರನ್ನೂ ಹೋಲಿಸಿ, ಅಷ್ಟೇ ದೂರವನ್ನು ಹೇಳಲು ತುಡುವೆ ಉಳಿದವಕ್ಕಿಂತ ಹೆಚ್ಚು ಹೊತ್ತು ಮೈ ಅಲುಗಿಸುತ್ತದೆಂದು 2020ರಲ್ಲಿ ಪ್ರಕಟಿಸಿತು. ಹತ್ತಿರದಲ್ಲೇ ಮೇಯುವ ತುಡುವೆಗೆ ದೂರದ ಸಣ್ಣ ವ್ಯತ್ಯಾಸವನ್ನೂ ಹೇಳಬೇಕು. ದೂರ ಹೋಗುವ ಹೆಜ್ಜೇನಿಗೆ ಅಷ್ಟು ಬಿಡಿಸಿ ಹೇಳುವ ಅಗತ್ಯವಿಲ್ಲ. ಕುಣಿತ ಓದಬಲ್ಲವರಿಗೆ ಜೇನು ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿ ಹೂ ಕಂಡಿದೆ ಎಂಬುದು ಗೂಡಿನ ಬಳಿಯೇ ತಿಳಿಯುತ್ತದೆ. ಒಂದು ಸೀಮೆಯ ಹೂವಿನ ಸ್ಥಿತಿಯನ್ನು ಅಳೆಯಲು ಇದೂ ಒಂದು ಸಾಧನ.

ಈಗ ಯಂತ್ರಗಳು ಅಗ್ಗವಾಗಿವೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆಡಿಯೊಮಾತ್ ಎಂಬ ದನಿಮುದ್ರಕ ಮನುಷ್ಯರಿಗೆ ಕೇಳದ ಎತ್ತರದ ಸ್ವರಗಳನ್ನೂ ಹಿಡಿಯುತ್ತದೆ. ಮರಕ್ಕೆ ಕಟ್ಟಿ ಬಂದರೆ ಹೇಳಿದ ಹೊತ್ತಿಗೆ ತಾನೇ ಎದ್ದು ಮುದ್ರಿಸುತ್ತದೆ. ಚಿಟ್ಟೆ ಎಣಿಸುವವರ ಬಳಗವೂ ಬೆಳೆದಿದೆ. 2020ರಿಂದ ಪ್ರತಿ ಸೆಪ್ಟೆಂಬರ್‌ನಲ್ಲಿ ದೇಶದ ಉದ್ದಗಲಕ್ಕೂ ಚಿಟ್ಟೆ ಮಾಸ ನಡೆಯುತ್ತಿದೆ. ಆದರೂ ಕರ್ನಾಟಕದ ಕೀಟಜ್ಞಾನದ ನಕ್ಷೆ ಬಿಡಿಸಿದರೆ ಎರಡು ಕಡೆ ಬಣ್ಣ ಗಾಢವಾಗಿ ಕಾಣುತ್ತದೆ: ಬೆಳೆಗೆ ಕಂಟಕವಾದ ಹುಳ ಇರುವ ತೋಟಗಳಲ್ಲಿ, ಮತ್ತು ಪಶ್ಚಿಮ ಘಟ್ಟದ ಹಸಿರಿನಲ್ಲಿ. ನಡುವಿನ ಒಣ ಸೀಮೆ ಮಸುಕು.

ಹಾಸನ ಜಿಲ್ಲೆ ಈ ಕೊರತೆಯನ್ನು ತುಂಬಲು ಹೇಳಿ ಮಾಡಿಸಿದ ಜಾಗ. ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿಯ ಬಂಡೆ ಬೆಟ್ಟ ಮತ್ತು ಕುರುಚಲು, ಅದರ ಕೆಳಗೆ ತೆಂಗು ರಾಗಿ, ಹಳೇಬೀಡಿನ ಕೆರೆ ಬಯಲು, ಬೇಲೂರಿನಾಚೆ ಶುರುವಾಗುವ ಕಾಫಿಯ ನೆರಳು, ಕೊನೆಗೆ ಬಿಸಿಲೆಯ ನಿತ್ಯಹಸಿರು ಕಾಡು. ಒಂದೇ ಜಿಲ್ಲೆಯೊಳಗೆ ಮಳೆ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಈ ಸಾಲಿನಲ್ಲಿ ವರ್ಷವರ್ಷವೂ ಅದೇ ಜಾಗ, ಅದೇ ಹೊತ್ತು, ಅದೇ ಯಂತ್ರದಿಂದ ಆಲಿಸಿದರೆ ಸಿಗುವ ದಾಖಲೆಗೆ ಯಾವ ವರದಿಯೂ ಸಾಟಿಯಾಗದು. ಮೊದಲು ಕಿವಿಗೊಡಬೇಕಾದದ್ದು ಮಾಲೇಕಲ್ಲಿಗೆ. ಘಟ್ಟದ ಕಾಡಿಗೆ ಕಾವಲಿದೆ, ಕಾಫಿಗೆ ಮಂಡಳಿ ಇದೆ. ಕುರುಚಲು ಗುಡ್ಡದ ಹುಳಗಳ ಪರವಾಗಿ ಮಾತಾಡುವವರು ಕಡಿಮೆ.

ಯಂತ್ರ ಕಟ್ಟಿಬಂದರೆ ಕೆಲಸ ಮುಗಿಯುವುದಿಲ್ಲ. ಮುದ್ರಿಸಿದ ಸಾವಿರಾರು ಗಂಟೆಗಳಲ್ಲಿ ಯಾರ ದನಿ ಯಾವುದು ಎಂದು ಹೇಳಲು ಹಾಡುಗಳ ಮಾದರಿ ಸಂಗ್ರಹ ಬೇಕು. ಅದಕ್ಕೆ ಯಾರಾದರೂ ತಲೆಗೆ ಬ್ಯಾಟರಿ ಕಟ್ಟಿಕೊಂಡು ಪೊದೆಯ ಬಳಿ ಕೂತು, ಹಾಡುವ ಗಂಡನ್ನು ಕಣ್ಣಾರೆ ಕಂಡು, ದನಿ ಮುದ್ರಿಸಿ, ಒಂದೆರಡು ಮಾದರಿಗಳನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಸಂಗ್ರಹಾಲಯಕ್ಕೆ ಸೇರಿಸಬೇಕು. ಅರಸೀಕೆರೆ, ಬೇಲೂರು, ಹಾಸನದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇರೆ ಸಿಗದು. ಪ್ರತಿ ಮುದ್ರಣದ ಜೊತೆ ಆ ಹೊತ್ತಿನ ತಾಪಮಾನವನ್ನು ಬರೆದಿಡುವುದು ಕಡ್ಡಾಯ. ಮರ ಚಿಮ್ಮಂಡೆಯ ಸ್ವರದ ಎತ್ತರ ಗಾಳಿಯ ಬಿಸಿಯ ಜೊತೆ ಏರಿಳಿಯುತ್ತದೆ. ಆ ಒಂದು ಅಂಕಿ ಬಿಟ್ಟುಹೋದರೆ ಏಪ್ರಿಲ್ ರಾತ್ರಿ ಹಾಡಿದ್ದನ್ನೂ ಡಿಸೆಂಬರ್ ಚಳಿಯಲ್ಲಿ ಹಾಡಿದ್ದನ್ನೂ ಕಂಪ್ಯೂಟರು ಎರಡು ಬೇರೆ ಹುಳಗಳೆಂದು ಬರೆದುಕೊಳ್ಳುವ ಅಪಾಯವಿದೆ.