ಹುಬ್ಬಳ್ಳಿ–ಧಾರವಾಡ ಬೈಪಾಸ್

ಹುಬ್ಬಳ್ಳಿ–ಧಾರವಾಡ ಬೈಪಾಸ್ ಧಾರವಾಡ ಜಿಲ್ಲೆಯ ಗಬ್ಬೂರು ಮತ್ತು ನರೇಂದ್ರಗಳ ನಡುವಿನ, ಸುಮಾರು 30 ಕಿ.ಮೀ. ಉದ್ದದ ರಸ್ತೆ. ಇದು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರ (ಹಿಂದಿನ ಸಂಖ್ಯೆ 4) ಭಾಗವಾಗಿದೆ. ಸರ್ಕಾರದ ಅನುದಾನದ ಬದಲು ಸುಂಕದಿಂದ ವೆಚ್ಚ ಭರಿಸುವ ಒಪ್ಪಂದದಡಿ ನಂದಿ ಹೈವೇ ಡೆವಲಪರ್ಸ್ ಸಂಸ್ಥೆಯು ಇದನ್ನು ದ್ವಿಪಥವಾಗಿ ನಿರ್ಮಿಸಿತು. ಎರಡೂ ತುದಿಗಳಾಚೆ ಹೆದ್ದಾರಿ ಅಗಲಗೊಂಡ ಮೇಲೂ ಈ ಭಾಗ ಕಿರಿದಾಗಿಯೇ ಉಳಿಯಿತು. ವಿಭಜಕವಿಲ್ಲದ ಕಾರಣ ಎದುರುಬದುರು ಡಿಕ್ಕಿಗಳು ಸಂಭವಿಸುತ್ತಿದ್ದವು.

2021ರ ಜನವರಿ 15ರಂದು ಇಟಿಗಟ್ಟಿ ಬಳಿ ನಡೆದ ಅಪಘಾತದಲ್ಲಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಮಹಿಳೆಯರೂ ಸೇರಿ ಹತ್ತಕ್ಕೂ ಹೆಚ್ಚು ಜನ ಮೃತಪಟ್ಟರು. ವಿಸ್ತರಣೆಯ ಹಳೆಯ ಬೇಡಿಕೆ ಆಗ ತೀವ್ರವಾಯಿತು. 2022ರ ಫೆಬ್ರವರಿ 28ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಷಟ್ಪಥ ಕಾಮಗಾರಿಗೆ ಶಂಕುಸ್ಥಾಪನೆ ನೆರವೇರಿಸಿದರು. ಸ್ಥಳೀಯ ಸಂಚಾರವನ್ನು ಪ್ರತ್ಯೇಕಿಸುವ ಸೇವಾರಸ್ತೆಗಳೂ ಯೋಜನೆಯಲ್ಲಿವೆ.