ನಮ್ಮ ಮಾತಿಗೆ ನಗುವವರು ಯಾರು?

"ಏನ್ ಮಾಡ್ಲಾಕತ್ತೀರಿ?" ನಮ್ಮ ಮೋರಖಂಡಿ ಕಡೆ ಇದು ದಿನನಿತ್ಯದ ಮಾತು. ಇದೇ ಮಾತು ಸಿನಿಮಾ ತೆರೆಯ ಮೇಲೆ ಬಂದರೆ ಜೋಕು. ನಾಯಕ ಹೀಗೆ ಮಾತಾಡುವುದು ಅಪರೂಪ. ಜವಾನ, ಅಡಿಗೆಯವ, ದಾರಿ ತಪ್ಪಿದ ಹಳ್ಳಿಯವ, ಇವರ ಬಾಯಿಗೇ ನಮ್ಮ ಮಾತು. ಗೆಳೆಯರೆ, ಈ ನಗೆಗೂ ಒಂದು ಚರಿತ್ರೆ ಇದೆ.

ಅದು ಬಲು ಹಳೆಯದು. ಸಂಸ್ಕೃತ ನಾಟಕಗಳಲ್ಲಿ ರಾಜನಿಗೆ ಸಂಸ್ಕೃತ. ಹೆಂಗಸರಿಗೆ, ಆಳುಗಳಿಗೆ, ನಗಿಸುವ ವಿದೂಷಕನಿಗೆ ಪ್ರಾಕೃತ. ಶೂದ್ರಕನ 'ಮೃಚ್ಛಕಟಿಕ'ದಲ್ಲಿ ಬರುವ ಚಾಂಡಾಲರಿಗಂತೂ ಬೇರೆಯೇ ಒಂದು ಪ್ರಾಕೃತ. ಯಾರ ಬಾಯಿಗೆ ಯಾವ ಭಾಷೆ ಎಂದು ನಾಟ್ಯಶಾಸ್ತ್ರವೇ ಹಂಚಿಕೊಟ್ಟಿದೆ. ಬಾಯಿ ತೆರೆದ ಕೂಡಲೆ ಅಂತಸ್ತು ಗೊತ್ತಾಗಬೇಕು!

ನಮ್ಮ ಬಸವಕಲ್ಯಾಣವನ್ನೇ ನೋಡಿ. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಬಿಲ್ಹಣನ ಕಾವ್ಯವೂ ಸಂಸ್ಕೃತ, ವಿಜ್ಞಾನೇಶ್ವರನ 'ಮಿತಾಕ್ಷರ'ವೂ ಸಂಸ್ಕೃತ. ಕೆಲವೇ ದಶಕಗಳ ಮೇಲೆ, 12ನೆಯ ಶತಮಾನದ ನಡುವೆ, ಅದೇ ಕಲ್ಯಾಣದಲ್ಲಿ ತೊಗಲು ಹದ ಮಾಡುವ ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ ಕನ್ನಡದಲ್ಲಿ ವಚನ ಹೇಳಿದರು. ಆಳಿನ ಮಾತು ಅರಿವಿನ ಮಾತಾಯಿತು.

ಆಮೇಲೆ ನಿಜಾಮರ ಕಾಲ. ಕಚೇರಿಯಲ್ಲಿ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. ಉರ್ದು ಬಾರದವ ಗಾಂವಠಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಹೋಯ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ಇನ್ನಾದರೂ ನಮ್ಮ ಮಾತಿಗೆ ಮರ್ಯಾದೆ ಅಂದುಕೊಂಡೆವು. ಎಲ್ಲಿಯ ಮರ್ಯಾದೆ? ಉರ್ದು, ಮರಾಠಿ ಬೆರೆತ ನಮ್ಮ ಕನ್ನಡ 'ಶುದ್ಧ' ಅಲ್ಲವಂತೆ. ಕನ್ನಡ ಬಲ್ಲವನೂ ಗಾಂವಠಿಯಾದ.

ಹಾಗಂತ ಇದು ಬರೀ ಬೀದರ-ಬೆಂಗಳೂರಿನ ಜಗಳ ಎಂದು ತಿಳಿದರೆ ನಾವು ಮೋಸ ಹೋದಂತೆ. ಹಳೆ ಮೈಸೂರಿನ ದಲಿತ ಕೇರಿಯ ಮಾತಿಗೂ ಇದೇ ನಗೆ ಕಾದಿತ್ತು. ನಂಜನಗೂಡು ಕಡೆಯ ಆ ಮಾತಿನಲ್ಲೇ ದೇವನೂರ ಮಹಾದೇವ 1984ರಲ್ಲಿ 'ಕುಸುಮಬಾಲೆ' ಬರೆದರು. ಶಿಷ್ಟ ಕನ್ನಡದವರು ಅದನ್ನು ಓದಲು ತಿಣುಕಬೇಕಾಯಿತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಗೆಯನ್ನು ಹೀಗೆ ತಿರುಗಿಸಿದವರು ಬೇರೆ ಕಡೆಯೂ ಇದ್ದಾರೆ. ಬ್ರಿಟನ್ನಿನ ವೇಲ್ಸ್ ನಾಡಿಗೆ ಅಲ್ಲಿಯ ಭಾಷೆ ಬಾರದ ಮೂವರು ಇಂಗ್ಲಿಷ್ ಕಮಿಷನರುಗಳು ಬಂದು ಶಾಲೆ ತಪಾಸಣೆ ಮಾಡಿದರು. ಜನ ಅಜ್ಞಾನಿಗಳು, ನೀತಿಗೆಟ್ಟವರು, ಅವರ ಭಾಷೆಯೇ ಏಳಿಗೆಗೆ ಅಡ್ಡಿ ಎಂದು 1847ರಲ್ಲಿ ವರದಿ ಕೊಟ್ಟರು. ನೀಲಿ ರಟ್ಟಿನ ಆ ವರದಿಯ ಮೇಲೆ ಆರ್. ಜೆ. ಡರ್ಫೆಲ್ 1854ರಲ್ಲಿ 'ನೀಲಿ ಪುಸ್ತಕಗಳ ದ್ರೋಹ' ಎಂಬ ವಿಡಂಬನೆಯ ನಾಟಕವನ್ನು ವೆಲ್ಷ್ ಭಾಷೆಯಲ್ಲೇ ಬರೆದ. ನಗಬಂದವರೇ ನಗೆಗೀಡಾದರು.

ಈಗ ನಮ್ಮ ಮನೆಯ ಮಾತು. ಬೆಂಗಳೂರಿನವ ನಕ್ಕರೆ ನಮಗೆ ಸಿಟ್ಟು ಬರುತ್ತದೆ. ಊರೊಳಗಿನವ ಕೇರಿಯ ಮಾತನ್ನು ಅಣಕಿಸಿದರೆ? ಸುಮ್ಮನಿರುತ್ತೇವೆ, ಒಮ್ಮೊಮ್ಮೆ ಜೊತೆಗೂಡಿ ನಗುತ್ತೇವೆ. ಮಾಸ್ತರರೆ, ನಾಳೆ ನಿಮ್ಮ ಕ್ಲಾಸಿನಲ್ಲಿ ಕೇರಿಯ ಮಗು ಉತ್ತರ ಹೇಳಲು ಎದ್ದು ನಿಂತಾಗ ಮೊದಲು ಯಾರು ನಗುತ್ತಾರೆ ನೋಡಿ. ಆ ನಗೆ ನಿಲ್ಲಿಸದೆ ಬೆಂಗಳೂರಿಗೆ ಬೈದರೆ ಏನು ಬಂತು?