ಅಡಾಪ್ಟಿವ್ ಆಪ್ಟಿಕ್ಸ್

ಅಡಾಪ್ಟಿವ್ ಆಪ್ಟಿಕ್ಸ್ ಎಂಬುದು ವಾಯುಮಂಡಲದ ಪ್ರಕ್ಷುಬ್ಧತೆಯಿಂದ ಮಸುಕಾಗುವ ಆಕಾಶಕಾಯಗಳ ಬಿಂಬವನ್ನು ವೀಕ್ಷಣೆ ನಡೆಯುತ್ತಿರುವಾಗಲೇ ತಿದ್ದಿ ಸ್ಪಷ್ಟಗೊಳಿಸುವ ತಂತ್ರ. ನೆಲದ ಮೇಲಿನ ದೊಡ್ಡ ದೂರದರ್ಶಕಗಳಲ್ಲಿ ಇದನ್ನು ಬಳಸಲಾಗುತ್ತದೆ. ಇದರ ಮೂಲ ಕಲ್ಪನೆಯನ್ನು ಅಮೆರಿಕದ ಖಗೋಳವಿಜ್ಞಾನಿ ಹೊರೇಸ್ ಬ್ಯಾಬ್‌ಕಾಕ್ ೧೯೫೩ರಲ್ಲಿ ಮಂಡಿಸಿದರು. ವೇಗದ ಕಂಪ್ಯೂಟರುಗಳು ಬಂದ ಮೇಲಷ್ಟೇ ಅದು ಕಾರ್ಯಸಾಧ್ಯವಾಯಿತು.

ಬಿಂಬ ಮಸುಕಾಗಲು ಕಾರಣ

ದೂರದ ನಕ್ಷತ್ರದ ಬೆಳಕು ಸಮತಲವಾದ ತರಂಗಮುಖದೊಡನೆ ಭೂಮಿಯತ್ತ ಬರುತ್ತದೆ. ವಾಯುಮಂಡಲದಲ್ಲಿ ಬೆಚ್ಚನೆಯ ಮತ್ತು ತಣ್ಣನೆಯ ಗಾಳಿ ಸದಾ ಬೆರೆಯುತ್ತಿದ್ದು, ಅವುಗಳ ವಕ್ರೀಭವನ ಸೂಚ್ಯಂಕ ಭಿನ್ನವಾಗಿರುವುದರಿಂದ ತರಂಗಮುಖ ಅಂಕುಡೊಂಕಾಗುತ್ತದೆ. ನಕ್ಷತ್ರಗಳು ಮಿನುಗುವುದೂ ಇದೇ ಕಾರಣದಿಂದ. ಉತ್ತಮ ಪರ್ವತಶಿಖರಗಳಲ್ಲಿಯೂ ನಕ್ಷತ್ರದ ಬಿಂಬ ಸುಮಾರು ಅರ್ಧ ಆರ್ಕ್‌ಸೆಕೆಂಡಿನಷ್ಟು ಹರಡಿಕೊಳ್ಳುತ್ತದೆ. ೧೦ ಮೀಟರ್ ವ್ಯಾಸದ ದರ್ಪಣವು ಅವಗೆಂಪು ಬೆಳಕಿನಲ್ಲಿ ತಾತ್ವಿಕವಾಗಿ ಸುಮಾರು ೦.೦೫ ಆರ್ಕ್‌ಸೆಕೆಂಡಿನ ವಿವರವನ್ನು ಬಿಡಿಸಿ ತೋರಿಸಬಲ್ಲದು. ತಿದ್ದುವ ವ್ಯವಸ್ಥೆ ಇಲ್ಲದಿದ್ದರೆ ದರ್ಪಣ ದೊಡ್ಡದಾದಂತೆ ಹೆಚ್ಚು ಬೆಳಕು ದೊರೆಯುತ್ತದೆಯೇ ಹೊರತು ಸ್ಪಷ್ಟತೆ ಹೆಚ್ಚುವುದಿಲ್ಲ.

ಕಾರ್ಯವಿಧಾನ

ವ್ಯವಸ್ಥೆಯಲ್ಲಿ ಮೂರು ಮುಖ್ಯ ಭಾಗಗಳಿವೆ.

• ತರಂಗಮುಖ ಸಂವೇದಕ: ಬೆಳಕನ್ನು ಪುಟ್ಟ ಮಸೂರಗಳ ಜಾಲದ ಮೂಲಕ ಹಾಯಿಸಿ, ಮೂಡುವ ಚುಕ್ಕೆಗಳು ತಮ್ಮ ಸ್ಥಾನದಿಂದ ಎಷ್ಟು ಸರಿದಿವೆ ಎಂಬುದರಿಂದ ವಿರೂಪವನ್ನು ಅಳೆಯುತ್ತದೆ.
• ಕಂಪ್ಯೂಟರ್: ಈ ಅಳತೆಯಿಂದ ಬೇಕಾದ ತಿದ್ದುಪಡಿಯನ್ನು ಲೆಕ್ಕ ಹಾಕುತ್ತದೆ.
• ಆಕಾರ ಬದಲಿಸುವ ದರ್ಪಣ: ಹಿಂಬದಿಯ ಚಾಲಕಗಳು ತೆಳುವಾದ ದರ್ಪಣವನ್ನು ಮೈಕ್ರೊಮೀಟರ್ ಪ್ರಮಾಣದಲ್ಲಿ ಬಾಗಿಸಿ, ತರಂಗಮುಖವನ್ನು ಮತ್ತೆ ಸಮತಲಗೊಳಿಸುತ್ತವೆ.

ಗಾಳಿಯ ಸ್ಥಿತಿ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಈ ಕ್ರಿಯೆ ಸೆಕೆಂಡಿಗೆ ನೂರಾರು ಬಾರಿ ನಡೆಯಬೇಕು.

ಮಾರ್ಗದರ್ಶಿ ನಕ್ಷತ್ರ

ವಿರೂಪವನ್ನು ಅಳೆಯಲು ವೀಕ್ಷಿಸುವ ಕಾಯದ ಸಮೀಪದಲ್ಲಿ ಪ್ರಕಾಶಮಾನವಾದ ನಕ್ಷತ್ರವೊಂದು ಬೇಕು. ಅದು ಎಲ್ಲೆಡೆ ದೊರೆಯುವುದಿಲ್ಲ. ಆದುದರಿಂದ ೫೮೯ ನ್ಯಾನೊಮೀಟರ್ ತರಂಗಾಂತರದ ಹಳದಿ ಲೇಸರನ್ನು ಆಕಾಶಕ್ಕೆ ಹಾಯಿಸಿ, ಸುಮಾರು ೯೦ ಕಿಲೋಮೀಟರ್ ಎತ್ತರದಲ್ಲಿರುವ ಸೋಡಿಯಂ ಪರಮಾಣುಗಳು ಬೆಳಗುವಂತೆ ಮಾಡಿ, ಕೃತಕ ನಕ್ಷತ್ರವನ್ನು ಸೃಷ್ಟಿಸಲಾಗುತ್ತದೆ. ಲೇಸರ್ ಮೇಲೇರುವಾಗಲೂ ಓಲಾಡುವುದರಿಂದ ಬಿಂಬದ ಒಟ್ಟಾರೆ ಓಲಾಟವನ್ನು ಅದರಿಂದ ಅಳೆಯಲಾಗದು. ಅದಕ್ಕೆ ಮಂದವಾದ ನಿಜ ನಕ್ಷತ್ರವೊಂದು ಬೇಕೇ ಬೇಕು.

ಫಲಗಳು

ಕ್ಷೀರಪಥದ ಕೇಂದ್ರವನ್ನು ದಟ್ಟ ಧೂಳು ಮರೆಮಾಡಿದೆ. ಅವಗೆಂಪು ಬೆಳಕು ಅದರ ಮೂಲಕ ಹಾದುಬರಬಲ್ಲದು. ಹವಾಯಿಯ ಕೆಕ್ ಮತ್ತು ಚಿಲಿಯ ವಿಎಲ್‌ಟಿ ದೂರದರ್ಶಕಗಳು ಈ ತಂತ್ರದ ನೆರವಿನಿಂದ ಅಲ್ಲಿನ ನಕ್ಷತ್ರಗಳ ಚಲನೆಯನ್ನು ವರ್ಷಗಟ್ಟಲೆ ಅಳೆದವು. ಎಸ್೨ ಎಂಬ ನಕ್ಷತ್ರ ಸುಮಾರು ೧೬ ವರ್ಷಗಳಿಗೊಮ್ಮೆ ಕೇಂದ್ರವನ್ನು ಸುತ್ತುತ್ತದೆ. ಇಂಥ ಕಕ್ಷೆಗಳಿಂದ ಅಲ್ಲಿ ಸೂರ್ಯನ ಸುಮಾರು ೪೦ ಲಕ್ಷ ಪಟ್ಟು ದ್ರವ್ಯರಾಶಿ ಅಡಕವಾಗಿದೆಯೆಂದು ತಿಳಿಯಿತು. ಅದು ಕಪ್ಪುರಂಧ್ರವೆಂಬುದಕ್ಕೆ ದೊರೆತ ಈ ಬಲವಾದ ಆಧಾರಕ್ಕಾಗಿ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ೨೦೨೦ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ರೋಜರ್ ಪೆನ್‌ರೋಸ್ ಅವರೊಡನೆ ಹಂಚಿಕೊಂಡರು.

ಮಿತಿಗಳು ಮತ್ತು ಇತರ ಬಳಕೆ

ಒಂದೇ ಮಾರ್ಗದರ್ಶಿ ನಕ್ಷತ್ರವಿದ್ದಾಗ ಅದರ ಸುತ್ತಲಿನ ಕಿರಿದಾದ ಪ್ರದೇಶ ಮಾತ್ರ ಸ್ಪಷ್ಟವಾಗುತ್ತದೆ. ಗೋಚರ ಬೆಳಕಿನ ತರಂಗಾಂತರ ಕಡಿಮೆಯಾದುದರಿಂದ ಅದನ್ನು ತಿದ್ದುವುದು ಅವಗೆಂಪಿಗಿಂತ ಕಷ್ಟ. ನೇತ್ರವಿಜ್ಞಾನದಲ್ಲಿ ಕಣ್ಣಿನ ದೋಷಗಳನ್ನು ಸರಿದೂಗಿಸಿ ಅಕ್ಷಿಪಟದ ಜೀವಕೋಶಗಳನ್ನು ನೋಡಲು ಸಹ ಈ ತಂತ್ರ ನೆರವಾಗಿದೆ.